ದುರ್ಗದ ಬಿಸಿಲಿನಲ್ಲಿ ಗಿಡ ಉಳಿಸಿಕೊಳ್ಳುವುದು ಹೇಗೆ

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೊರಟು ಹೋಗುತ್ತದೆ ಅಂತಾರಲ್ವಾ, ನಮ್ಮ ಚಿತ್ರದುರ್ಗದಲ್ಲಿ ಅದು ಹೋಗುವಾಗ ಬಾಗಿಲು ಹಾರು ಹೊಡೆದೇ ಹೋಗುತ್ತದೆ, ಹಿಂದೆಯೇ ಬಿಸಿಲು ಒಳಗೆ ಬರುತ್ತದೆ. ನಾಯಕನಹಟ್ಟಿ ತೇರು ಮುಗಿಯುವ ಹೊತ್ತಿಗೆ ಟೆರೇಸ್ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಏಪ್ರಿಲ್‌ನಲ್ಲಿ 38 ಡಿಗ್ರಿ ದಾಟಿದರೂ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಮನೆ ಗುಡ್ಡದ ಬುಡದಲ್ಲಿದೆ, ಹಗಲೆಲ್ಲ ಕಾದ ಬಂಡೆ ರಾತ್ರಿ ಒಂಬತ್ತಾದರೂ ಕಾವು ಬಿಡುತ್ತಲೇ ಇರುತ್ತದೆ. ನಮಗೇ ಸೆಕೆ ತಡೆಯಲಾಗದು, ಇನ್ನು ಒಂದು ಅಡಿ ಕುಂಡದಲ್ಲಿ ಕೂತ ಗುಲಾಬಿ ಗಿಡದ ಪಾಡು ಕೇಳಬೇಕಾ?

ಟೆರೇಸ್ ಮೇಲೆ ಐವತ್ತರ ಹತ್ತಿರ ಕುಂಡ, ಹಿತ್ತಲಲ್ಲಿ ಎರಡು ತೆಂಗು, ಒಂದು ನುಗ್ಗೆ, ಒಂದು ಕರಿಬೇವು, ಒಂದು ದುಂಡು ಮಲ್ಲಿಗೆ, ಇಷ್ಟು ನನ್ನ ತೋಟ. ಪ್ರತಿ ಬೇಸಿಗೆಗೂ ಒಂದಷ್ಟು ಗಿಡ ಕಳೆದುಕೊಂಡೇ ಕಲಿತಿದ್ದೇನೆ. ಮಾರ್ಚ್‌ನಿಂದ ಮೇ ಕೊನೆತನಕ ಗಿಡದಿಂದ ಏನನ್ನೂ ಕೇಳಬೇಡಿ. ಹೊಸ ಚಿಗುರು ಬರಲಿ, ದೊಡ್ಡ ಹೂ ಬಿಡಲಿ ಅನ್ನುವ ಆಸೆಗೆ ಏನೇನೋ ಮಾಡಲು ಹೋದರೆ ಇದ್ದದ್ದೂ ಹೋಗುತ್ತದೆ. ಬೇರು ತಂಪಾಗಿರಲಿ, ಅಷ್ಟು ನೋಡಿಕೊಂಡರೆ ಸಾಕು.

ನೀರು ಹಾಕುವ ವಿಚಾರ

ಮೊದಲು ನಾನೇ ಮಾಡಿಕೊಂಡ ತಪ್ಪು. ಮಧ್ಯಾಹ್ನ ಎರಡು ಗಂಟೆಗೆ ಒಣಗಿದ ಬಟ್ಟೆ ತರಲು ಮೇಲೆ ಹೋದರೆ ದಾಸವಾಳದ ಎಲೆಗಳೆಲ್ಲ ಜೋತುಬಿದ್ದಿದ್ದವು. ಅಯ್ಯೋ ಪಾಪ ಅಂತ ಒಂದು ಬಕೆಟ್ ನೀರು ಸುರಿದೆ. ಮರುದಿನವೂ ಹಾಗೇ, ಮತ್ತೆ ಸುರಿದೆ. ಹತ್ತು ದಿನಕ್ಕೆ ಗಿಡ ಹಳದಿ ಆಗಿ ಎಲೆ ಉದುರಿಸಿತು. ಕಿತ್ತು ನೋಡಿದರೆ ಬೇರು ಕೊಳೆತು ಕಪ್ಪಾಗಿತ್ತು. ಬಿಸಿಲು ಏರಿದಾಗ ಎಲೆಯಿಂದ ಆರಿ ಹೋಗುವಷ್ಟು ವೇಗವಾಗಿ ಬೇರು ನೀರು ಎಳೆದು ಕೊಡಲಾರದು, ಹಾಗಾಗಿ ಮಣ್ಣು ಒದ್ದೆ ಇದ್ದರೂ ಎಲೆ ಜೋತುಬೀಳುತ್ತದೆ. ಸಂಜೆ ಆರು ಗಂಟೆಗೆ ತಾನಾಗಿಯೇ ನೆಟ್ಟಗಾದರೆ ಗಿಡ ಚೆನ್ನಾಗಿದೆ ಅಂತ ಅರ್ಥ. ಬೆಳಿಗ್ಗೆ ಆರಕ್ಕೂ ಜೋತುಬಿದ್ದೇ ಇದ್ದರೆ ಮಾತ್ರ ಗಾಬರಿ ಪಡಿ.

ಎಲೆ ನೋಡಿ ನೀರು ಹಾಕಬೇಡಿ, ಮಣ್ಣು ಮುಟ್ಟಿ ನೋಡಿ. ತೋರುಬೆರಳನ್ನು ಎರಡನೇ ಗೆಣ್ಣಿನ ತನಕ ಮಣ್ಣಿಗೆ ಚುಚ್ಚಿ. ಒಳಗೆ ತಂಪಾಗಿ ಬೆರಳಿಗೆ ಮಣ್ಣು ಅಂಟಿದರೆ ಇವತ್ತು ಬೇಡ. ಪುಡಿಪುಡಿಯಾಗಿ ಉದುರಿದರೆ ಹಾಕಿ. ಹಾಕುವಾಗ ಜಿಪುಣತನ ಬೇಡ, ತಳದ ತೂತಿನಿಂದ ನೀರು ಬರುವ ತನಕ ನಿಧಾನಕ್ಕೆ ಹಾಕಿ. ಹನ್ನೆರಡು ಇಂಚಿನ ಕುಂಡಕ್ಕೆ ಒಂದರಿಂದ ಒಂದೂವರೆ ಲೀಟರ್ ಹಿಡಿಯುತ್ತದೆ. ದಿನಾ ಒಂದೊಂದು ಚೊಂಬು ಮೇಲೆ ಚಿಮುಕಿಸಿ ಹೋದರೆ ಮೇಲಿನ ಎರಡು ಇಂಚು ಮಾತ್ರ ನೆನೆಯುತ್ತದೆ. ಬೇರು ಅಷ್ಟರಲ್ಲೇ ಸುತ್ತಾಡಿಕೊಂಡು ಇರುತ್ತದೆ, ಬಿಸಿಲಿಗೆ ಮೊದಲು ಸುಡುವುದೂ ಅದೇ ಎರಡು ಇಂಚು.

ಬೆಳಿಗ್ಗೆ ಏಳರ ಒಳಗೆ ನೀರು ಹಾಕುವುದು ಒಳ್ಳೆಯದು. ಆಗದಿದ್ದರೆ ಸಂಜೆ ಸೂರ್ಯ ಮುಳುಗಿ, ಟೆರೇಸ್ ನೆಲದ ಕಾವು ಸ್ವಲ್ಪ ಇಳಿದ ಮೇಲೆ. ಸಣ್ಣ ಕುಂಡಗಳಿಗೆ ಏಪ್ರಿಲ್‌ನಲ್ಲಿ ಎರಡೂ ಹೊತ್ತು ಬೇಕಾಗಬಹುದು, ನೆಲದಲ್ಲಿರುವ ಕರಿಬೇವಿಗೆ ನಾಲ್ಕು ದಿನಕ್ಕೊಮ್ಮೆ ಸಾಕು. ಎಲ್ಲಕ್ಕೂ ಒಂದೇ ಲೆಕ್ಕ ಇಟ್ಟರೆ ಕೆಡುತ್ತದೆ. ಇನ್ನೊಂದು, ಪೈಪ್ ಹಿಡಿದ ಕೂಡಲೇ ಗಿಡದ ಬುಡಕ್ಕೆ ಬಿಡಬೇಡಿ. ಬಿಸಿಲಲ್ಲಿ ಬಿದ್ದ ಪೈಪಿನೊಳಗಿನ ನೀರು ಕೈ ಇಟ್ಟರೆ ಚುರ್ ಅನ್ನುತ್ತದೆ. ಆ ಮೊದಲ ನೀರನ್ನು ಬಕೆಟ್‌ಗೆ ಹಿಡಿದು ಆರಲು ಬಿಡಿ. ಕಪ್ಪು ಟ್ಯಾಂಕಿನ ನೀರೂ ಸಂಜೆ ಹೊತ್ತಿಗೆ ಸ್ನಾನದ ನೀರಿನಂತೆ ಇರುತ್ತದೆ. ಸಂಜೆ ನೀರು ಹಾಕುವವರು ಬೆಳಿಗ್ಗೆಯೇ ಒಂದು ಡ್ರಮ್ ತುಂಬಿಸಿ ನೆರಳಲ್ಲಿ ಇಟ್ಟುಕೊಳ್ಳಿ. ಮೇಲೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಸೊಳ್ಳೆ.

ನೀರು ಹಾಕಿದ ಕ್ಷಣದಲ್ಲೇ ತಳದಿಂದ ಸುರ್ರಂತ ಬಂದುಬಿಟ್ಟರೆ ಖುಷಿ ಪಡಬೇಡಿ. ಮಣ್ಣು, ಅದರಲ್ಲೂ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣ ಒಮ್ಮೆ ಪೂರ್ತಿ ಒಣಗಿದರೆ ಮುದುರಿಕೊಂಡು ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ನೀರು ಆ ಸಂದಿಯಲ್ಲಿ ಇಳಿದು ಹೊರಗೆ ಹೋಗುತ್ತದೆ, ಮಧ್ಯದ ಬೇರಿನ ಉಂಡೆ ಒಣ ಒಣ. ನನ್ನ ಒಂದು ಸೇವಂತಿಗೆ ದಿನಾ ನೀರು ಕುಡಿಯುತ್ತಲೇ ಬಾಯಾರಿ ಸತ್ತಿದ್ದು ಹೀಗೆ. ಇಂಥ ಕುಂಡವನ್ನು ಹಾಗೇ ಎತ್ತಿ ನೀರು ತುಂಬಿದ ಟಬ್ಬಿನಲ್ಲಿ ಅಂಚಿನ ತನಕ ಮುಳುಗಿಸಿ. ಬುಳಬುಳ ಗುಳ್ಳೆ ಬರುತ್ತವೆ. ಗುಳ್ಳೆ ನಿಂತ ಮೇಲೆ ಎತ್ತಿ ನೀರು ಸೋರಲು ಬಿಡಿ. ಕುಂಡ ದೊಡ್ಡದಾಗಿ ಎತ್ತಲು ಆಗದಿದ್ದರೆ ಕಡ್ಡಿಯಿಂದ ಐದಾರು ಕಡೆ ತೂತು ಮಾಡಿ, ಅರ್ಧ ಗಂಟೆ ಬಿಟ್ಟು ಬಿಟ್ಟು ಮೂರು ಸಲ ನೀರು ಹಾಕಿ.

ಯಾವ ನೀರು?

ಊರಿಗೆ ಕುಡಿಯುವ ನೀರೇ ಸೂಳೆಕೆರೆಯಿಂದ, ವಾಣಿವಿಲಾಸ ಸಾಗರದಿಂದ ಪೈಪಿನಲ್ಲಿ ಬರಬೇಕು, ಅದೂ ದಿನಾ ಬರುವುದಿಲ್ಲ. ಹಾಗಾಗಿ ಗಿಡಕ್ಕೆ ಬಹಳ ಮನೆಗಳಲ್ಲಿ ಬೋರ್ ನೀರೇ ಗತಿ. ನಮ್ಮ ಬೋರ್ ನೀರು ಗಡಸು, ಅಂದರೆ ಸುಣ್ಣ, ಉಪ್ಪು ಅದರಲ್ಲಿ ಜಾಸ್ತಿ. ಜಿಲ್ಲೆಯ ಎಷ್ಟೋ ಕಡೆ ಅದರಲ್ಲಿ ಫ್ಲೋರೈಡ್ ಕೂಡ ಇದೆ. ಬೇಸಿಗೆಯಲ್ಲಿ ನೀರು ಜಾಸ್ತಿ ಹಾಕುತ್ತೇವೆ, ನೀರು ಆರಿ ಹೋಗುತ್ತದೆ, ಉಪ್ಪು ಕುಂಡದಲ್ಲೇ ಉಳಿಯುತ್ತದೆ. ಮಣ್ಣಿನ ಕುಂಡದ ಹೊರಮೈಯಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ ಕಾಣುತ್ತದಲ್ಲ, ಅದೇ ಇದು. ಎಲೆಯ ತುದಿ ಕಂದಾಗಿ ಸುಟ್ಟಂತೆ ಆಗುವುದಕ್ಕೆ ಎಷ್ಟೋ ಸಲ ಇದೇ ಕಾರಣ, ನಾವು ಸುಮ್ನೆ ಬಿಸಿಲನ್ನು ಬೈಯುತ್ತೇವೆ. ಡ್ರಸೀನಾ, ಸ್ಪೈಡರ್ ಪ್ಲಾಂಟ್‌ಗಳಿಗಂತೂ ಫ್ಲೋರೈಡ್ ಆಗಿಬರುವುದೇ ಇಲ್ಲ, ಅವಕ್ಕೆ ಸಾಧ್ಯವಾದರೆ ನಲ್ಲಿ ನೀರು ಕೊಡಿ.

ಮೂರು ವಾರಕ್ಕೊಮ್ಮೆ ಒಂದೊಂದು ಕುಂಡಕ್ಕೂ ಮಾಮೂಲಿಗಿಂತ ಎರಡರಷ್ಟು ನೀರು ಒಮ್ಮೆಲೇ ಹಾಕಿ ಉಪ್ಪನ್ನು ತಳದಿಂದ ತೊಳೆದು ಕಳಿಸಿ. ನಲ್ಲಿ ನೀರು ಬಂದ ದಿನ ಇದಕ್ಕೆ ಇಟ್ಟುಕೊಳ್ಳಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಬಹುದು, ಉಪ್ಪು ಹಾಕಿ ತೊಳೆದಿರಬಾರದು ಅಷ್ಟೇ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪೇ ಇರುವುದಿಲ್ಲ, ಕುಂಡಕ್ಕೆ ಬಂಗಾರ ಅದು. ಮನೆಯ ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನು ಮಾತ್ರ ದಿನಾ ಕುಂಡಕ್ಕೆ ಹಾಕಬೇಡಿ, ಬೋರ್ ನೀರಿನ ಉಪ್ಪೆಲ್ಲ ಅದರಲ್ಲೇ ಸೇರಿಕೊಂಡಿರುತ್ತದೆ. ಅದನ್ನು ನೆಲ ಒರೆಸಲು ಬಳಸಿ. ವಾಷಿಂಗ್ ಮಷೀನಿನ ಸೋಪು ನೀರೂ ಕುಂಡಕ್ಕೆ ಬೇಡ, ಕೊನೆಯ ಸಲ ಜಾಲಿಸಿದ ನೀರನ್ನು ಬೇಕಿದ್ದರೆ ತೆಂಗಿನ ಪಾತಿಗೆ ಬಿಡಿ.

ಕೋಟೆಗೆ ಹೋದವರು ನೋಡಿರುತ್ತೀರಿ, ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡ, ಸಂತೆ ಹೊಂಡ. ಮೇಲೆ ಉಕ್ಕಿದ್ದು ಕೆಳಗಿನವರ ಪಾಲು. ನಾನು ಟೆರೇಸ್ ಮೇಲೆ ಅದನ್ನೇ ಮಾಡಿದ್ದೇನೆ. ಇಟ್ಟಿಗೆ ಜೋಡಿಸಿ ಎರಡು ಮೆಟ್ಟಿಲು ಮಾಡಿ, ಮೇಲಿನ ಸಾಲಿನ ಕುಂಡ ಸೋರಿಸಿದ್ದು ಕೆಳಗಿನ ಸಾಲಿನ ಕುಂಡಕ್ಕೆ ಬೀಳುವಂತೆ ಇಟ್ಟಿದ್ದೇನೆ. ಕೆಳಗಿನ ಸಾಲಿಗೆ ಬಸಳೆ, ದೊಡ್ಡಪತ್ರೆಯಂಥ ಗಟ್ಟಿ ಪಿಂಡಗಳನ್ನು ಇಡಿ. ಉಪ್ಪು ತೊಳೆಯುವ ದಿನ ಮಾತ್ರ ಕೆಳಗಿನವನ್ನು ಆಚೆ ಸರಿಸಿ.

ಬುಡಕ್ಕೆ ಹೊದಿಕೆ

ಇದೊಂದನ್ನು ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಬರಿಮಣ್ಣು ಬಿಸಿಲಿಗೆ ಕಾಣಬಾರದು. ಎರಡು ಮೂರು ಇಂಚು ದಪ್ಪ ಏನಾದರೂ ಮುಚ್ಚಿ. ನಮ್ಮ ಕಡೆ ಇದಕ್ಕೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ಚಳ್ಳಕೆರೆ ಕಡೆ ಎಣ್ಣೆ ಮಿಲ್ಲು ಇರುವಲ್ಲಿ ಶೇಂಗಾ ಸಿಪ್ಪೆ ಸಿಗುತ್ತದೆ, ದಾವಣಗೆರೆ ಕಡೆಯವರಿಗೆ ಭತ್ತದ ಹೊಟ್ಟು, ಮೆಕ್ಕೆಜೋಳದ ಬೆಂಡು, ಹೊಳಲ್ಕೆರೆ ಹೊಸದುರ್ಗದವರಿಗೆ ತೆಂಗಿನ ನಾರು. ಏನೂ ಇಲ್ಲದಿದ್ದರೆ ರಸ್ತೆಯ ಬೇವಿನ ಮರದಡಿ ಬಿದ್ದ ಎಲೆ ಗುಡಿಸಿ ತನ್ನಿ. ನನಗೆ ಇಷ್ಟ ಶೇಂಗಾ ಸಿಪ್ಪೆ. ಗಾಳಿಗೆ ಹಾರದಂತೆ ಒಂದು ರಾತ್ರಿ ನೆನೆಸಿ ಹಾಕಿ. ಅದರಲ್ಲಿ ಕಾಳಿನ ಚೂರು ಉಳಿದಿದ್ದರೆ ಇರುವೆ, ಇಲಿ ಎರಡೂ ಬರುತ್ತವೆ, ಜರಡಿ ಆಡಿಕೊಳ್ಳಿ. ಹಿತ್ತಲಲ್ಲಿ ಗೆದ್ದಲು ಇದ್ದರೆ ಒಣ ಹೊದಿಕೆಯನ್ನು ಕಾಂಡಕ್ಕೆ ತಾಗಿಸಲೇಬೇಡಿ. ಗೆದ್ದಲು ಇಲ್ಲದಿದ್ದರೂ ಕಾಂಡದ ಸುತ್ತ ಎರಡು ಬೆರಳು ಜಾಗ ಬಿಡಿ, ತೇವ ತಾಗಿ ಕೊಳೆಯಬಾರದು.

ತೆಂಗಿನ ಪಾತಿಗೆ ಕಾಯಿ ಸಿಪ್ಪೆಯನ್ನು ಬೆನ್ನು ಮೇಲೆ ಮಾಡಿ ಕವುಚಿ ಜೋಡಿಸಿ. ಅಂಗಾತ ಇಟ್ಟರೆ ಅಡ್ಡಮಳೆಗೆ ನೀರು ನಿಂತು ಸೊಳ್ಳೆ ಸಾಕಿದಂತಾಗುತ್ತದೆ.

ಒಂದು ಎಚ್ಚರಿಕೆ. ದುರ್ಗದ ಕಲ್ಲು ನೆಲದಲ್ಲಿ ಚೇಳಿಗೇನು ಬರ. ಬೇಸಿಗೆಯಲ್ಲಿ ಅದಕ್ಕೂ ತಂಪು ಜಾಗ ಬೇಕು, ಕುಂಡದ ಅಡಿ, ಹೊದಿಕೆಯ ಅಡಿ ಬಿಟ್ಟರೆ ಎಲ್ಲಿಗೆ ಹೋದೀತು? ಹಿತ್ತಲಲ್ಲಿ ಬರಿಗೈ ಹಾಕಿ ಹೊದಿಕೆ ಕೆದಕಬೇಡಿ, ಕೋಲಿನಿಂದ ಸರಿಸಿ ನೋಡಿ. ಕುಂಡ ಎತ್ತುವಾಗ ಮೊದಲು ನಿಮ್ಮ ಕಡೆಯಿಂದ ಆಚೆಗೆ ಓರೆ ಮಾಡಿ. ತೇವ ಇರುವ ಕಡೆ ಕಪ್ಪೆ, ಕಪ್ಪೆ ಇರುವ ಕಡೆ ಹಾವು. ರಾತ್ರಿ ಟಾರ್ಚ್ ಇಲ್ಲದೆ ನೀರು ಬಿಡಲು ಹೋಗಬೇಡಿ.

ನೆರಳು, ಗಾಳಿ, ಕುಂಡ

ಬೆಳಗಿನ ಬಿಸಿಲು ಗಿಡಕ್ಕೆ ಬೇಕು. ಕಾಟ ಕೊಡುವುದು ಹನ್ನೆರಡರಿಂದ ನಾಲ್ಕೂವರೆ ತನಕದ್ದು, ಅದರಲ್ಲೂ ಪಶ್ಚಿಮದಿಂದ ಅಡ್ಡಲಾಗಿ ಬಂದು ಕುಂಡದ ಹೊಟ್ಟೆಗೇ ಬಡಿಯುವ ಬಿಸಿಲು. ಕಪ್ಪು ಪ್ಲಾಸ್ಟಿಕ್ ಕುಂಡದ ಪಶ್ಚಿಮದ ಗೋಡೆಗೆ ಮೂರು ಗಂಟೆಗೆ ಕೈ ಇಟ್ಟು ನೋಡಿ, ಒಳಗಿನ ಬೇರು ಏನು ಅನುಭವಿಸುತ್ತಿದೆ ಅಂತ ಗೊತ್ತಾಗುತ್ತದೆ. ಶೇಡ್ ನೆಟ್ (ನೆರಳಿನ ಬಲೆ) ತರುವುದಾದರೆ 50 ಪರ್ಸೆಂಟಿನದು, ಅಂದರೆ ಅರ್ಧ ಬಿಸಿಲು ತಡೆಯುವಂಥದ್ದು ಸಾಕು, 75ರದ್ದು ಹಾಕಿದರೆ ಹೂವಿನ ಗಿಡ ಬೆಳಕಿಲ್ಲದೆ ಉದ್ದುದ್ದ ಸೊರಗುತ್ತದೆ. ಏಳಡಿ ಎತ್ತರಕ್ಕೆ ಕಟ್ಟಿ, ಗಿಡದ ತಲೆಗೆ ತಾಗಿದರೆ ಕಾದ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಖರ್ಚು ಬೇಡ ಅನ್ನುವವರು ಪಶ್ಚಿಮದ ಕಡೆ ಹಗ್ಗ ಕಟ್ಟಿ ಹಳೆಯ ಕಾಟನ್ ಸೀರೆ ಇಳಿಬಿಡಿ. ನಮ್ಮತ್ತೆಯ ಎರಡು ಸೀರೆ ಹಾಗೆ ಮೂರು ಬೇಸಿಗೆ ಕಂಡಿವೆ, ಒಂದರ ಬಣ್ಣ ಯಾವುದಿತ್ತು ಅಂತ ಈಗ ಅವರಿಗೇ ನೆನಪಿಲ್ಲ.

ಕುಂಡಗಳನ್ನು ದೂರ ದೂರ ಇಡಬೇಡಿ, ಒತ್ತೊತ್ತಾಗಿ ಗುಂಪು ಮಾಡಿ. ದೊಡ್ಡವು ಪಶ್ಚಿಮಕ್ಕೆ, ಚಿಕ್ಕವು ಅವುಗಳ ಮರೆಯಲ್ಲಿ. ಸಿಮೆಂಟ್ ನೆಲಕ್ಕೆ ನೇರ ತಾಗದಂತೆ ಕೆಳಗೆ ಇಟ್ಟಿಗೆಯೋ ಹಲಗೆಯೋ ಇರಲಿ. ಇನ್ನು ಗಾಳಿ. ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ಮನೆ ನೆಟ್ಟಿದ್ದಾರಾ? ಒಣ ಗಾಳಿ ಬೀಸಿದ ದಿನ ಬಿಸಿಲು ಕಡಿಮೆ ಇದ್ದರೂ ಕುಂಡ ಬೇಗ ಒಣಗುತ್ತದೆ, ಮೂರನೇ ಮಹಡಿಯವರು ಇದನ್ನು ಮರೆಯಬಾರದು.

ನೆಲದಲ್ಲಿ ಹೊಸದಾಗಿ ನೆಟ್ಟ ಮಾವು, ಸೀಬೆ, ನಿಂಬೆ ಸಸಿಗಳಿಗೆ ನೈಋತ್ಯದ ಕಡೆ ಎರಡು ತೆಂಗಿನ ಗರಿ ಚುಚ್ಚಿ ನೆರಳು ಮಾಡಿ, ಕಾಂಡಕ್ಕೆ ತಿಳಿ ಸುಣ್ಣ ಬಳಿಯಿರಿ. ಪಕ್ಕದಲ್ಲಿ ಮೂರ್ನಾಲ್ಕು ಲೀಟರ್ ಹಿಡಿಯುವ ಮಣ್ಣಿನ ಮಡಕೆಯನ್ನು ಕುತ್ತಿಗೆ ತನಕ ಹೂತು, ನೀರು ತುಂಬಿ, ಬಾಯಿಗೆ ಹೆಂಚಿನ ಚೂರು ಮುಚ್ಚಿ. ನೀರು ಜಿನುಗುತ್ತಾ ಬೇರಿಗೇ ಹೋಗುತ್ತದೆ, ಮೇಲೆ ಆರಿಹೋಗುವುದಿಲ್ಲ. ಬಣ್ಣ ಬಳಿದ ಮಡಕೆ ಆಗುವುದಿಲ್ಲ, ಅದು ಜಿನುಗುವುದೇ ಇಲ್ಲ. ಮೊದಲು ಮೂರು ದಿನಕ್ಕೆ ಖಾಲಿಯಾಗುತ್ತಿದ್ದದ್ದು ವಾರವಾದರೂ ತುಂಬಿಯೇ ಇದ್ದರೆ ಗಡಸು ನೀರಿನ ಸುಣ್ಣ ಮೈತೂತುಗಳನ್ನು ಮುಚ್ಚಿದೆ ಅಂತ ತಿಳಿಯಿರಿ. ಹೊರಗೆ ತೆಗೆದು ಹುಣಸೆ ಹುಳಿ ಹಚ್ಚಿ ರಾತ್ರಿ ಬಿಟ್ಟು, ಬೆಳಿಗ್ಗೆ ನಾರು ಹಾಕಿ ಉಜ್ಜಿ.

ಮಾಡಬಾರದ್ದು

ಗೊಬ್ಬರ. ಇದರಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ಶೇಂಗಾ ಹಿಂಡಿ ಒಳ್ಳೆಯ ಗೊಬ್ಬರ ಅಂತ ಏಪ್ರಿಲ್‌ನಲ್ಲಿ ಒಂದೊಂದು ಗುಲಾಬಿಗೂ ಒಂದೊಂದು ಹಿಡಿ ಹಾಕಿದೆ. ಹಿಂಡಿ ಕೊಳೆಯುವಾಗ ಕಾವು ಬರುತ್ತದೆ, ಮೊದಲೇ ಕಾದ ಕುಂಡ, ಒಂದು ವಾರದಲ್ಲಿ ನಾಲ್ಕು ಗುಲಾಬಿಯ ಚಿಗುರು ಕಪ್ಪಾಯಿತು. ಅದರ ವಾಸನೆಗೆ ಬೀದಿಯ ನಾಯಿ ಟೆರೇಸ್ ಹತ್ತಿದ್ದು ಬೇರೆ. ಹಿಂಡಿ, ಕೋಳಿ ಗೊಬ್ಬರ, ಯೂರಿಯಾ ಯಾವುದೂ ಮಳೆ ತನಕ ಬೇಡ. ಹಳೆಯ ಎರೆಗೊಬ್ಬರ ಒಂದು ಹಿಡಿಯನ್ನು ಹೊದಿಕೆಯ ಕೆಳಗೆ ಹಾಕಬಹುದು, ಸಾಕು.

ಕುಂಡ ಬದಲಾಯಿಸುವುದು, ಜೋರಾಗಿ ಕತ್ತರಿಸುವುದು, ನರ್ಸರಿಯಿಂದ ಹೊಸ ಗಿಡ ತರುವುದು, ಮೂರನ್ನೂ ಮುಂದಕ್ಕೆ ಹಾಕಿ. ಸುಟ್ಟ ಎಲೆ ಕಂಡರೂ ಕೀಳಬೇಡಿ, ಅದು ಕೆಳಗಿನ ಎಲೆಗೆ ಕೊಡೆ ಹಿಡಿದಿರುತ್ತದೆ. ತುಳಸಿಯ ತೆನೆಯನ್ನು ಮಾತ್ರ ಆಗಾಗ ಚಿವುಟಿ, ಬೀಜಕ್ಕೆ ಹೋದರೆ ಗಿಡ ಬೇಗ ಸೋಲುತ್ತದೆ.

ಟೊಮೆಟೊ ಹೂ ಉದುರುತ್ತಿದೆ ಅಂತ ಔಷಧಿ ಹುಡುಕಬೇಡಿ. 35 ಡಿಗ್ರಿ ಮೇಲೆ ಹೋದರೆ ಅದರ ಪರಾಗ ಕೆಡುತ್ತದೆ, ಕಾಯಿ ಕಚ್ಚುವುದಿಲ್ಲ. ಕೊತ್ತಂಬರಿಯೂ ಹಾಗೇ, ಒಂದು ಗೇಣು ಬರುವುದರೊಳಗೆ ಹೂವಿಗೆ ಹೋಗುತ್ತದೆ. ಬಿತ್ತಲೇಬೇಕು ಅನಿಸಿದರೆ ಬಿಸಿಲಿಗೆ ಹುಟ್ಟಿದ ಜಾತಿಗಳಿವೆ: ಬೆಂಡೆ, ಚವಳಿಕಾಯಿ, ಅಲಸಂದೆ, ಹರಿವೆ, ಪುಂಡಿ. ಬೆಂಡೆ ಬೀಜವನ್ನು ರಾತ್ರಿ ನೆನೆಸಿ ಹಾಕಿ. ದುಂಡು ಮಲ್ಲಿಗೆಗೂ ಇದು ಹೂವಿನ ಕಾಲ, ಅದನ್ನು ನೆರಳಿಗೆ ಎಳೆಯಬೇಡಿ. ನೀರು ಸರಿಯಾಗಿ ಕೊಟ್ಟರೆ ಈ ಬಿಸಿಲಲ್ಲೇ ಸಂಜೆಗೊಂದು ಮೊಳ ಕೊಡುತ್ತದೆ. ಗಿಡದಿಂದ ಏನೂ ಕೇಳಬೇಡಿ ಅಂದೆನಲ್ಲ, ಮಲ್ಲಿಗೆಯನ್ನು ಕೇಳಬಹುದು. ಕಾಗದದ ಹೂವಿಗಂತೂ ನೀರು ಸ್ವಲ್ಪ ಕಮ್ಮಿ ಮಾಡಿದಷ್ಟೂ ಹೂ ಜಾಸ್ತಿ.

ಹುಳ, ಹಕ್ಕಿ, ಕೋತಿ

ಒಣ ಧೂಳಿನ ಹವೆಯಲ್ಲಿ ಮೊದಲು ಬರುವುದು ಕೆಂಪು ನುಸಿ. ಎಲೆಯ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕಿ ಕಂಡರೆ ಕೆಳಗೆ ಬಿಳಿ ಹಾಳೆ ಹಿಡಿದು ಎಲೆಯನ್ನು ತಟ್ಟಿ. ಹಾಳೆ ಮೇಲಿನ ಧೂಳಿನಲ್ಲಿ ಕೆಲವು ಕಣ ನಡೆಯಲು ಶುರುಮಾಡಿದರೆ ಅದೇ ನುಸಿ. ಮೊದಲ ಮದ್ದು ನೀರೇ, ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ಜೋರಾಗಿ ಹೊಡೆಯಿರಿ, ಮೂರು ನಾಲ್ಕು ದಿನ ಬಿಡದೆ. ಹೋಗದಿದ್ದರೆ, ಅಥವಾ ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದ್ದರೆ, ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ. ಬಿಸಿಲಿರುವಾಗ ಎಣ್ಣೆ ಹೊಡೆದರೆ ಎಲೆ ಹುರಿದಂತಾಗುತ್ತದೆ.

ಹಕ್ಕಿಗಳು ಎಳೆ ಚಿಗುರು ಕುಕ್ಕುತ್ತಿದ್ದರೆ ಒಂದು ಅಗಲ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ಕುಕ್ಕುವುದು ಕಡಿಮೆಯಾಗುತ್ತದೆ. ಕೋಟೆ ಹತ್ತಿರದ ಮನೆಯವರಿಗೆ ಕೋತಿ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ದಾಸವಾಳದ ಮೊಗ್ಗು ಅವುಗಳದ್ದೇ, ಉಳಿದದ್ದು ನಮ್ಮದು.

ಮೂರು ನಾಲ್ಕು ದಿನ ಮದುವೆಗೋ ಊರಿಗೋ ಹೋಗುವುದಿದ್ದರೆ ಎಲ್ಲ ಕುಂಡಗಳನ್ನು ನೆರಳಿಗೆ ತಂದು ಗುಂಪು ಮಾಡಿ, ಮಧ್ಯೆ ಒಂದು ಬಕೆಟ್ ನೀರು ಎತ್ತರದಲ್ಲಿಟ್ಟು ಹಳೆ ಪಂಚೆಯ ಪಟ್ಟಿ ಹರಿದು ಒಂದು ತುದಿ ನೀರಿಗೆ, ಇನ್ನೊಂದು ತುದಿ ಕುಂಡದ ಮಣ್ಣಿನೊಳಗೆ ನಾಲ್ಕು ಇಂಚು ಹೂಳಿ. ಹೋಗುವ ಎರಡು ದಿನ ಮೊದಲೇ ಮಾಡಿ ನೋಡಿ, ಯಾವ ಪಟ್ಟಿ ನೀರು ಎಳೆಯುತ್ತದೆ, ಯಾವುದು ಇಲ್ಲ ಅಂತ ಗೊತ್ತಾಗಬೇಕಲ್ಲ.

ಅಶ್ವಿನಿ, ಭರಣಿ ಮಳೆ ಅಂದರೆ ಏಪ್ರಿಲ್ ಮಧ್ಯದಿಂದ ಮೇ ಎರಡನೇ ವಾರದ ತನಕ, ಬಂದರೆ ಗಾಳಿ, ಗುಡುಗು, ಕೆಲವು ಸಲ ಆಲಿಕಲ್ಲು ಸಮೇತ ಬರುತ್ತದೆ. ಶೇಡ್ ನೆಟ್‌ನ ಗಂಟುಗಳನ್ನು ಏಪ್ರಿಲ್ ಮೊದಲ ವಾರವೇ ಎಳೆದು ನೋಡಿ. ಎತ್ತರದ ಗಿಡಗಳಿಗೆ ಕೋಲು ಕಟ್ಟಿ. ಒಂದು ಮಳೆ ಬಿದ್ದ ಕೂಡಲೇ ನೆಟ್ ಬಿಚ್ಚಬೇಡಿ, ಮರುದಿನದ ಬಿಸಿಲು ಇನ್ನೂ ಖಾರ. ಮೋಡ ಎರಡು ಮೂರು ದಿನ ನಿಂತ ಮೇಲೆ ಬಿಚ್ಚಿ, ಹಿಂಡಿ ಗೊಬ್ಬರ ಎಲ್ಲ ರೋಹಿಣಿ ಮಳೆ ಹೊತ್ತಿಗೆ, ಅಂದರೆ ಮೇ ಕೊನೆಗೆ ಶುರು ಮಾಡಿ. ಮತ್ತೆ, ಮಳೆ ಬಂತಲ್ಲ ಅಂತ ನೀರು ಹಾಕುವುದನ್ನು ಎಲ್ಲಕ್ಕೂ ನಿಲ್ಲಿಸಬೇಡಿ. ಹೋದ ಮೇ ತಿಂಗಳು ಊರೆಲ್ಲ ತೊಯ್ದು ತೊಪ್ಪೆಯಾಗಿತ್ತು, ನಮ್ಮ ಸಜ್ಜಾದ ಕೆಳಗಿನ ವೀಳ್ಯದೆಲೆ ಬಳ್ಳಿ ಮಾತ್ರ ನಾಲ್ಕು ದಿನದಲ್ಲಿ ಒಣಗಿ ಹೋಯಿತು. ಅದರ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.